ಈ ವಾರ ಏನು ಸಿಕ್ಕಿತು?

ಬೆಂಗಳೂರಿನಿಂದ ಮೈಸೂರು ರಸ್ತೆ ಹಿಡಿದು ನಾಯಂಡಹಳ್ಳಿ ದಾಟಿದರೆ ಎಡಗಡೆಗೆ ರಾಜರಾಜೇಶ್ವರಿನಗರ, ಬಲಗಡೆಗೆ ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ. ಒಂದು ಕಡೆ ಕೈಲಾಸಾಶ್ರಮದ ರಾಜರಾಜೇಶ್ವರಿ ದೇವಿ, ಇನ್ನೊಂದು ಕಡೆ ಸರಸ್ವತಿ ಎಂದು ಊರಿನವರು ತಮಾಷೆ ಮಾಡುವುದುಂಟು. ಒಂದು ಕಾಲಕ್ಕೆ ಕೆಂಚೇನಹಳ್ಳಿ, ಹಲಗೆವಡೇರಹಳ್ಳಿ, ಪಟ್ಟಣಗೆರೆ ಎಂಬ ಹಳ್ಳಿಗಳ ಹೊಲಗದ್ದೆಗಳಿದ್ದ ಈ ಏರುತಗ್ಗಿನ ನೆಲ 2007ರಲ್ಲಿ ಬೃಹತ್ ಬೆಂಗಳೂರಿನ ತೆಕ್ಕೆಗೆ ಬಿತ್ತು. ಬೆಮೆಲ್, ಬಿಎಚ್ಇಎಲ್ ಮುಂತಾದ ಕಾರ್ಖಾನೆಗಳ ಹೆಸರು ಹೊತ್ತ ಬಡಾವಣೆಗಳು ಇಲ್ಲಿವೆ. ಕಾರ್ಖಾನೆ, ಬ್ಯಾಂಕು, ಶಾಲೆ, ಕಾಲೇಜುಗಳಲ್ಲಿ ದುಡಿದವರು ಸಾಲ ಮಾಡಿ ಕಟ್ಟಿಸಿದ ಮನೆಗಳು ಅವು.

ಇಂಥ ಮನೆಗಳಲ್ಲಿ ದೇವರ ಕೋಣೆ ಬಿಟ್ಟರೆ ಅತಿ ಜತನದಿಂದ ಕಾಪಾಡುವ ಜಾಗ ಯಾವುದು? ಒಡವೆಯ ಬೀರು ಎಂದು ಹೇಳಬಹುದು. ಆದರೆ ಕೆಲವು ಮನೆಗಳಲ್ಲಿ ಅದು ಪುಸ್ತಕದ ಬೀರು. ಹಾಗೆ ಪುಸ್ತಕ ಕೂಡಿಡುವವರು ಇಬ್ಬರು ಎದುರಾದರೆ ಮಳೆ-ಬೆಳೆ, ಮಕ್ಕಳು-ಮರಿಯ ಕ್ಷೇಮ ಸಮಾಚಾರ ಎಲ್ಲ ಆಮೇಲೆ. ಮೊದಲ ಪ್ರಶ್ನೆ ಒಂದೇ: ‘ಈ ವಾರ ಏನು ಸಿಕ್ಕಿತು?’

ಒಂದೇ ಮೆಟ್ರೊ, ಮೂರು ನಿಲ್ದಾಣ

ಈ ಪ್ರಶ್ನೆಗೆ ಉತ್ತರ ಹುಡುಕುವುದು 2021ರ ಆಗಸ್ಟ್‌ನಿಂದ ಸುಲಭವಾಗಿದೆ. ಆ ತಿಂಗಳು ಕೆಂಗೇರಿಯವರೆಗೆ ನೇರಳೆ ಮಾರ್ಗದ ಮೆಟ್ರೊ ಬಂದು, ರಾಜರಾಜೇಶ್ವರಿನಗರಕ್ಕೂ ಒಂದು ನಿಲ್ದಾಣವಾಯಿತು. ಅಲ್ಲಿ ಹತ್ತಿ ಸರ್ ಎಂ. ವಿಶ್ವೇಶ್ವರಯ್ಯ ನಿಲ್ದಾಣದಲ್ಲಿ ಇಳಿದರೆ ಮೈಸೂರು ಬ್ಯಾಂಕ್ ವೃತ್ತ ಕಾಲ್ನಡಿಗೆಯ ದೂರ. ಅಲ್ಲಿಂದ ಅವೆನ್ಯೂ ರಸ್ತೆ ಶುರು. ಇದು ಹಳೆಯ ದೊಡ್ಡಪೇಟೆ. ಎಂಜಿನಿಯರಿಂಗ್ ಪಠ್ಯ, ಗೈಡುಗಳ ರಾಶಿಯ ನಡುವೆ ಕೈ ಹಾಕಿ ಎಳೆದರೆ ಒಮ್ಮೊಮ್ಮೆ ನಿಧಿಯೇ ಬರುತ್ತದೆ.

ಅದೇ ಮಾರ್ಗದಲ್ಲಿ ಇನ್ನೂ ಮುಂದೆ ಹೋಗಿ ಮಹಾತ್ಮಾಗಾಂಧಿ ರಸ್ತೆಯಲ್ಲಿ ಇಳಿದವರಿಗೆ ಚರ್ಚ್ ಸ್ಟ್ರೀಟ್ ಇದೆ. ಎಂಜಿನಿಯರಿಂಗ್ ಓದಿದ ಮಾಯಿಗೌಡ ಅವರು ಮೊದಲು ಕಾಲುದಾರಿಯಲ್ಲಿ ಪುಸ್ತಕ ಮಾರಿ, 2001ರಲ್ಲಿ ತೆರೆದ ‘ಬ್ಲಾಸಮ್’ ಅಂಗಡಿ ಇರುವುದು ಇಲ್ಲಿಯೇ. ಪಕ್ಕದ ಬ್ರಿಗೇಡ್ ರಸ್ತೆಯ ಓಣಿಯೊಂದರಲ್ಲಿ ‘ಸೆಲೆಕ್ಟ್ ಬುಕ್ ಶಾಪ್’. 1945ರಲ್ಲಿ ಕೆ.ಬಿ.ಕೆ. ರಾವ್ ಶುರುಮಾಡಿದ, ಅವರ ಮಗ ಕೆ.ಕೆ.ಎಸ್. ಮೂರ್ತಿ ಬೆಳೆಸಿದ ಈ ಅಂಗಡಿಗೆ ಸರ್ ಸಿ.ವಿ. ರಾಮನ್ ಕೂಡ ಬರುತ್ತಿದ್ದರಂತೆ. ಇತ್ತ ಮೆಜೆಸ್ಟಿಕ್‌ನಲ್ಲಿ ಇಳಿದರೆ ಗಾಂಧಿನಗರದ ‘ಸಪ್ನ’ ಹತ್ತಿರ. ಹೊಸ ಕನ್ನಡ ಪುಸ್ತಕವೇ ಬೇಕೆಂದರೆ ಗಾಂಧಿ ಬಜಾರಿನ ‘ಅಂಕಿತ’ ಇದೆ, ಮನೆಗೆ ಸಮೀಪದ ವಿಜಯನಗರದಲ್ಲಿ ‘ಅಭಿನವ’ ಇದೆ.

ಸಿಕ್ಕಿದ್ದು, ಸಿಗದೆ ಉಳಿದದ್ದು

ಸಂಗ್ರಹಕಾರ ಪುಸ್ತಕ ಹಿಡಿಯುವ ಬಗೆಯೇ ಬೇರೆ. ಮುಖಪುಟ ನೋಡಿ ಮೆಚ್ಚುವುದು ಸಾಮಾನ್ಯ ಓದುಗ. ಈತ ಮೊದಲು ತಿರುವುವುದು ಮುದ್ರಣದ ವಿವರವಿರುವ ಪುಟವನ್ನು. ಪ್ರಥಮ ಮುದ್ರಣವೇ? ಯಾವ ಊರಿನ ಅಚ್ಚುಕೂಟ? ಎಷ್ಟು ಪ್ರತಿ? ಸಾದಾ ಪ್ರತಿಯೋ, ಕ್ಯಾಲಿಕೋ ಬೈಂಡೋ? ಬೆಲೆ ಆಣೆಯಲ್ಲಿದೆಯೋ, ನಯಾಪೈಸೆಯಲ್ಲಿದೆಯೋ? ಹಿಂಬದಿಯಲ್ಲಿ ಐಎಸ್‌ಬಿಎನ್ ಸಂಖ್ಯೆ ಇದ್ದರೆ ಅಂಕಿಗಳನ್ನು ಎಣಿಸುತ್ತಾನೆ. 2007ರ ಜನವರಿಗೆ ಮೊದಲು ಅದು 10 ಅಂಕಿ, ಆಮೇಲೆ 13. ಸಂಖ್ಯೆಯೇ ಇಲ್ಲದ ಹಳೆಯ ಕನ್ನಡ ಪುಸ್ತಕಗಳಿಗೆ ಕಾಗದ, ಅಚ್ಚುಮೊಳೆ, ಬೆಲೆ ಇವೇ ಜಾತಕ.

ಇವರ ಹಂಬಲಗಳಿಗೂ ಒಂದು ಚರಿತ್ರೆಯಿದೆ. ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ 1894ರಲ್ಲಿ ಅಚ್ಚಾದ ಕಿಟ್ಟೆಲ್ ನಿಘಂಟಿನ ಮೂಲ ಪ್ರತಿ ಸಿಕ್ಕವನು ಭಾಗ್ಯವಂತ. ಸಿಗದವರು ಮದ್ರಾಸು ವಿಶ್ವವಿದ್ಯಾಲಯಕ್ಕಾಗಿ ಎಂ. ಮರಿಯಪ್ಪ ಭಟ್ಟರು ಪರಿಷ್ಕರಿಸಿದ ನಾಲ್ಕು ಸಂಪುಟಗಳಲ್ಲಿ ಸಮಾಧಾನಪಡುತ್ತಾರೆ. ಶಿವರಾಮ ಕಾರಂತರ ‘ಬಾಲ ಪ್ರಪಂಚ’ದ 1936ರ ಮೂರು ಸಂಪುಟಗಳೆಂದರೆ ಬಾಯಿ ಬಿಡದವರಿಲ್ಲ. ಒಬ್ಬನೇ ಮನುಷ್ಯ ಮಕ್ಕಳಿಗೆಂದು ವಿಶ್ವಕೋಶ ಬರೆದ ಸಾಹಸವದು. ದೊಡ್ಡವರಿಗಾಗಿ ಅವರೇ ಬರೆದ ನಾಲ್ಕು ಸಂಪುಟಗಳ ‘ವಿಜ್ಞಾನ ಪ್ರಪಂಚ’ವೂ ಸುಲಭಕ್ಕೆ ಕೈಗೆ ಬರುವುದಲ್ಲ.

ಇನ್ನು ಮಾಲೆಗಳ ಹುಚ್ಚು. ನಿರಂಜನರ ಸಂಪಾದಕತ್ವದ ‘ವಿಶ್ವಕಥಾಕೋಶ’ 25 ಸಂಪುಟ. ರಾಷ್ಟ್ರೋತ್ಥಾನದ ‘ಭಾರತ-ಭಾರತಿ’ಯ ಪುಟ್ಟ ಪುಸ್ತಕಗಳು 510. ಕನ್ನಡ ಸಾಹಿತ್ಯ ಪರಿಷತ್ತಿನ ಕನ್ನಡ-ಕನ್ನಡ ನಿಘಂಟು 8 ಸಂಪುಟ. ಮೊದಲನೆಯದು ಹೊರಬಂದದ್ದು 1970ರಲ್ಲಿ, ಕೊನೆಯದು 1995ರಲ್ಲಿ. ಇಪ್ಪತ್ತೈದು ವರ್ಷಗಳ ನಡುವೆ ಎಷ್ಟು ಮನೆ ಬದಲಾಯಿಸಿರಬೇಕು, ಎಷ್ಟು ಸಂಪುಟ ದಾರಿ ತಪ್ಪಿರಬೇಕು! ಏಳು ಇದ್ದು ಒಂದು ಇಲ್ಲದವನ ಸಂಕಟ, ಒಂದೂ ಇಲ್ಲದವನಿಗೆ ತಿಳಿಯದು. ರಸ್ತೆಯಾಚೆಯ ಜ್ಞಾನಭಾರತಿಯ ಕನ್ನಡ ಅಧ್ಯಯನ ಕೇಂದ್ರವು ಜಿ.ಎಸ್. ಶಿವರುದ್ರಪ್ಪನವರ ಕಾಲದಲ್ಲಿ ತಂದ ‘ಸಮಗ್ರ ಕನ್ನಡ ಸಾಹಿತ್ಯ ಚರಿತ್ರೆ’ಯ ಸಂಪುಟಗಳನ್ನೂ ಜನ ಹೀಗೆಯೇ ಒಂದೊಂದಾಗಿ ಕೂಡಿಸುತ್ತಾರೆ.

ತೋರಿಸುವುದರಲ್ಲೂ ಕಟ್ಟುಪಾಡುಗಳಿವೆ. ಕೊಟ್ಟ ಬೆಲೆಯನ್ನು ತಾನಾಗಿ ಹೇಳಬಾರದು, ಕೇಳಿದರೆ ಮುಚ್ಚಿಡಬಾರದು. ‘ಓದಿದಿರಾ?’ ಎಂದು ಕೇಳುವುದು ಒರಟುತನ. ‘ಒಂದು ವಾರದಲ್ಲಿ ಕೊಡ್ತೀನಿ’ ಎಂಬ ಮಾತನ್ನು ಯಾರೂ ನಂಬಬಾರದು. ಎರಡು ಪ್ರತಿ ಇದ್ದರೆ ಒಂದನ್ನು ಇಲ್ಲದವನಿಗೆ ಕೊಡುವುದು ಧರ್ಮ.

ಕಾಗದದ ಆಯುಸ್ಸು

ಬೀರುವಿಗೆ ಸೇರಿದ ಮಾತ್ರಕ್ಕೆ ಪುಸ್ತಕ ಚಿರಂಜೀವಿಯಾಗುವುದಿಲ್ಲ. ಅಗ್ಗದ ಕಾಗದದಲ್ಲಿ ಮರದ ಲಿಗ್ನಿನ್ ಉಳಿದಿರುತ್ತದೆ. ಬೆಳಕು ಮತ್ತು ಗಾಳಿಯ ಆಮ್ಲಜನಕ ತಾಗಿದಂತೆ ಅದು ಹಳದಿಯಾಗುತ್ತದೆ. ಹಳೆಯ ಪುಸ್ತಕದ ಹಿತವಾದ ವಾಸನೆಯೂ ಕಾಗದ ನಿಧಾನವಾಗಿ ಒಡೆಯುತ್ತಿರುವುದರ ಗುರುತೇ. ಶಾಯಿ ಹರಡದಂತೆ ಕಾಗದಕ್ಕೆ ಪಟಕ ಮತ್ತು ರಾಳ ಸೇರಿಸುವ ಪದ್ಧತಿ 19ನೇ ಶತಮಾನದಲ್ಲಿ ಬಂತು. ಆ ಪಟಕದಿಂದ ಹುಟ್ಟುವ ಆಮ್ಲ ಸೆಲ್ಯುಲೋಸಿನ ಎಳೆಗಳನ್ನು ಒಳಗೊಳಗೇ ಕತ್ತರಿಸುತ್ತದೆ. ಹೀಗಾಗಿ ನಾನೂರು ವರ್ಷದ ಓಲೆಗರಿ ಗಟ್ಟಿಯಾಗಿದ್ದರೂ ಅರವತ್ತು ವರ್ಷದ ಕಾದಂಬರಿಯ ಹಾಳೆ ಮಡಿಸಿದರೆ ಪಟ್ಟನೆ ಮುರಿಯಬಹುದು.

ಜೊತೆಗೆ ಹುಳುಗಳ ಕಾಟ. ರಟ್ಟು ಅಂಟಿಸಿದ ಮೈದಾ ಅಂಟು ಬೆಳ್ಳಿಹುಳುವಿಗೆ ಮೃಷ್ಟಾನ್ನ. ಗೆದ್ದಲಿಗಂತೂ ಕವಿ-ಗದ್ಯಕಾರ ಎಂಬ ಭೇದವಿಲ್ಲ. ಬಲ್ಲವರು ಬೀರುವನ್ನು ಗೋಡೆಗೆ ತಾಗಿಸುವುದಿಲ್ಲ, ಬಿಸಿಲು ಬೀಳುವ ಕಡೆ ಇಡುವುದಿಲ್ಲ, ಮಳೆಗಾಲ ಕಳೆದ ಮೇಲೆ ಎಲ್ಲವನ್ನೂ ಕೆಳಗಿಳಿಸಿ ದೂಳು ಕೊಡವಿ ಗಾಳಿಯಾಡಿಸುತ್ತಾರೆ. ಹಿರಿಯರು ಬೇವಿನ ಸೊಪ್ಪು, ಬಜೆ ಇಡುತ್ತಿದ್ದುದು ಇದಕ್ಕೇ.

ಆದರೆ ಲಿಗ್ನಿನ್, ಗೆದ್ದಲುಗಳಿಗಿಂತ ದೊಡ್ಡ ಅಪಾಯ ಬೇರೆ ಇದೆ.

ಅರ್ಧ ಟನ್ ಆಸ್ತಿ

ಸ್ವಲ್ಪ ಲೆಕ್ಕ ಹಾಕೋಣ. ಡೆಮಿ 1/8 ಆಕಾರದ 200 ಪುಟದ ಪುಸ್ತಕ ಸುಮಾರು ಕಾಲು ಕಿಲೋ ತೂಗುತ್ತದೆ, ಸುಮಾರು ಒಂದು ಸೆಂಟಿಮೀಟರ್ ದಪ್ಪವಿರುತ್ತದೆ. ಅಂಥ 2000 ಪುಸ್ತಕ ಎಂದರೆ ಅರ್ಧ ಟನ್ ಭಾರ, 20 ಮೀಟರ್ ಉದ್ದದ ಹಲಗೆ. ನಿವೇಶನದಲ್ಲಿ ಮನೆ ಕಟ್ಟಿದ ತಲೆಮಾರಿಗೆ ಇದು ಭಾರವಲ್ಲ. ಎರಡು ಮಲಗುವ ಕೋಣೆಯ ಫ್ಲಾಟಿನಲ್ಲಿರುವ ಮಗನಿಗೆ, ಹೊರದೇಶದಲ್ಲಿರುವ ಮಗಳಿಗೆ ಇದು ದೊಡ್ಡ ಸಮಸ್ಯೆ. ಮೊಮ್ಮಕ್ಕಳಿಗೆ ಕನ್ನಡ ಓದಲು ಬಾರದಿದ್ದರೆ ಮುಗಿದೇಹೋಯಿತು. ಯಜಮಾನರು ಕಾಲವಾದ ಮೇಲೆ ವರ್ಷ ಕಳೆಯುವುದರೊಳಗೆ ಹಳೇ ಪೇಪರಿನವನ ತಕ್ಕಡಿ ಬಾಗಿಲಿಗೆ ಬರುತ್ತದೆ. ನಲವತ್ತು ವರ್ಷದ ಹುಡುಕಾಟಕ್ಕೆ ಕಿಲೋ ಲೆಕ್ಕದಲ್ಲಿ ಬೆಲೆ!

ಸಂಗ್ರಹಕಾರರಿಗೆ ಇದು ತಿಳಿಯದ್ದೇನಲ್ಲ. ಅವೆನ್ಯೂ ರಸ್ತೆಯಲ್ಲಿ ಅವರಿಗೆ ಸಿಗುವ ನಿಧಿಯ ಒಳಪುಟದಲ್ಲಿ ಇನ್ಯಾರದೋ ಸಹಿ, ಇನ್ಯಾವುದೋ ಇಸವಿಯ ಯುಗಾದಿಯ ಶುಭಾಶಯ ಇರುತ್ತದೆ. ಇಂದಿನ ಸಂತೋಷ ಇನ್ನೊಂದು ಮನೆ ಖಾಲಿಯಾದದ್ದರಿಂದ ಬಂದದ್ದು.

ಅದೇ ರಸ್ತೆಯ ಇನ್ನೊಂದು ತುದಿ

ಈ ಪ್ರಶ್ನೆಗೆ ಒಂದು ಉತ್ತರ ಮೈಸೂರು ರಸ್ತೆಯ ಮೇಲೇ, ಸುಮಾರು 130 ಕಿಲೋಮೀಟರ್ ಮುಂದೆ ಸಿಗುತ್ತದೆ. ಮಂಡ್ಯ ಜಿಲ್ಲೆಯ ಪಾಂಡವಪುರದ ಹತ್ತಿರ ಹರಳಹಳ್ಳಿ ಎಂಬ ಊರಿದೆ. ಅಲ್ಲಿರುವುದು ಅಂಕೇಗೌಡರ ‘ಪುಸ್ತಕ ಮನೆ’.

ರೈತ ಕುಟುಂಬದಲ್ಲಿ ಹುಟ್ಟಿದ ಅಂಕೇಗೌಡರು ಕೆಲಕಾಲ ಬಸ್ ಕಂಡಕ್ಟರ್ ಆಗಿದ್ದರು, ಆಮೇಲೆ ಸುಮಾರು ಮೂವತ್ತು ವರ್ಷ ಪಾಂಡವಪುರದ ಸಕ್ಕರೆ ಕಾರ್ಖಾನೆಯಲ್ಲಿ ದುಡಿದರು. ಕನ್ನಡದಲ್ಲಿ ಎಂ.ಎ. ಮಾಡಿದರು. ಕಾಲೇಜಿನ ದಿನಗಳಲ್ಲಿ ಗುರುಗಳೊಬ್ಬರು ಹಚ್ಚಿದ ಪುಸ್ತಕದ ಗೀಳು ಬಿಡಲೇ ಇಲ್ಲ. ಸಂಬಳದ ಬಹುಪಾಲು ಪುಸ್ತಕಕ್ಕೆ ಹೋಯಿತು. ಮೈಸೂರಿನ ನಿವೇಶನವೂ ಹೋಯಿತು. ಉದ್ಯಮಿ ಹರಿ ಖೋಡೆ ಕಟ್ಟಡಕ್ಕೆ ನೆರವಾದರು. ಇಂದು ಅಲ್ಲಿರುವ ಪುಸ್ತಕಗಳು ಸುಮಾರು 20 ಲಕ್ಷ ಎಂಬ ಲೆಕ್ಕವಿದೆ. ನಿಘಂಟುಗಳು, ಹಳೆಯ ಪತ್ರಿಕೆಗಳು, ಪರೀಕ್ಷೆಗೆ ಓದುವವರ ಪುಸ್ತಕಗಳು, ನಾನಾ ಭಾಷೆಯ ಗ್ರಂಥಗಳು ಎಲ್ಲ ಕಪಾಟು ತುಂಬಿ, ನೆಲಕ್ಕಿಳಿದು, ರಾಶಿರಾಶಿಯಾಗಿ ನಿಂತಿವೆ. ಸದಸ್ಯತ್ವ ಶುಲ್ಕವಿಲ್ಲ. ಯಾರು ಬೇಕಾದರೂ ಬಂದು ಕೂತು ಓದಬಹುದು. ಗೌಡರು, ಅವರ ಪತ್ನಿ ವಿಜಯಲಕ್ಷ್ಮಿ ಅಲ್ಲೇ ಪುಸ್ತಕಗಳ ನಡುವೆ ಬದುಕು ಸಾಗಿಸಿದವರು. 2026ರ ಜನವರಿಯಲ್ಲಿ ಕೇಂದ್ರ ಸರ್ಕಾರ ಅವರಿಗೆ ಪದ್ಮಶ್ರೀ ಘೋಷಿಸಿತು.

ಹರಳಹಳ್ಳಿಗೆ ಹೋಗಿಬಂದವರು ಎರಡು ಮಾತು ಹೇಳುತ್ತಾರೆ. ಒಂದು ಬೆರಗಿನದು. ಇನ್ನೊಂದು ಆತಂಕದ್ದು: ಇಷ್ಟೊಂದನ್ನು ವಿಂಗಡಿಸುವವರು ಯಾರು, ಪಟ್ಟಿ ಮಾಡುವವರು ಯಾರು, ಕಾಯುವವರು ಯಾರು? ಇಪ್ಪತ್ತು ಲಕ್ಷಕ್ಕೂ ಎರಡು ಸಾವಿರಕ್ಕೂ ಪ್ರಶ್ನೆ ಅದೇ.

ಪುಸ್ತಕದ ಗೂಡು ಎಷ್ಟು ನಾಜೂಕು ಎಂಬುದಕ್ಕೆ ಇದೇ ರಸ್ತೆಯ ಕೊನೆಯಲ್ಲಿ, ಮೈಸೂರಿನ ರಾಜೀವನಗರದಲ್ಲಿ, ಇನ್ನೊಂದು ಸಾಕ್ಷಿಯಿದೆ. ಕೂಲಿ ಮಾಡಿ ಬದುಕುವ ಸೈಯದ್ ಇಸಾಕ್ ಅಲ್ಲಿ ಸಾರ್ವಜನಿಕರಿಗಾಗಿ ಕನ್ನಡ ಗ್ರಂಥಾಲಯ ನಡೆಸುತ್ತಿದ್ದರು. 2021ರ ಏಪ್ರಿಲ್‌ನಲ್ಲಿ ಒಂದು ಬೆಳಗಿನ ಜಾವ ಅದು ಬೆಂಕಿಗೆ ಆಹುತಿಯಾಗಿ ಸುಮಾರು 11 ಸಾವಿರ ಪುಸ್ತಕಗಳು ಬೂದಿಯಾದವು. ಸುದ್ದಿ ಹರಡಿದ್ದೇ ತಡ, ನಾಡಿನ ಮೂಲೆಮೂಲೆಯಿಂದ ಜನ ಹಣ ಕೊಟ್ಟರು, ಪುಸ್ತಕ ಕೊಟ್ಟರು. ಬೀರುವಿನಲ್ಲಿ ಬೀಗ ಹಾಕಿಟ್ಟಿದ್ದವರಿಗೂ ಆಗ ಕೈ ಬಂತು.

ಉಳಿಸುವ ದಾರಿ

ಈಗ ಇನ್ನೊಂದು ದಾರಿಯೂ ತೆರೆದಿದೆ. ‘ಸರ್ವೆಂಟ್ಸ್ ಆಫ್ ನಾಲೆಡ್ಜ್’ ಯೋಜನೆಯ ಸ್ವಯಂಸೇವಕರು ಬೆಂಗಳೂರಿನಲ್ಲಿ ಹಳೆಯ ಕನ್ನಡ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ ಇಂಟರ್ನೆಟ್ ಆರ್ಕೈವ್‌ನಲ್ಲಿ ಎಲ್ಲರಿಗೂ ಸಿಗುವಂತೆ ಇಟ್ಟಿದ್ದಾರೆ. ನಮ್ಮ ಕಾನೂನಿನಂತೆ ಲೇಖಕ ತೀರಿಕೊಂಡು 60 ವರ್ಷ ಕಳೆದರೆ ಕೃತಿಯ ಮೇಲಿನ ಹಕ್ಕು ಮುಗಿಯುತ್ತದೆ. ಅಷ್ಟರೊಳಗೆ ಒಂದಾದರೂ ಪ್ರತಿ ಎಲ್ಲಾದರೂ ಉಳಿದಿರಬೇಕಷ್ಟೆ. ಆ ಒಂದು ಪ್ರತಿ ಬಹಳ ಸಲ ಉಳಿದಿರುವುದು ದೊಡ್ಡ ಸಂಸ್ಥೆಯಲ್ಲಲ್ಲ, ಯಾವುದೋ ಬಡಾವಣೆಯ ಯಾವುದೋ ಅಡ್ಡರಸ್ತೆಯ ಬೀರುವಿನಲ್ಲಿ. ಹವ್ಯಾಸಿಯ ಹುಚ್ಚಿಗೆ ಇರುವ ಸಾರ್ಥಕ್ಯ ಅದು.

ಹಾಗೆಂದು ಎಲ್ಲವನ್ನೂ ಹವ್ಯಾಸಿಗಳ ತಲೆಗೆ ಕಟ್ಟುವುದು ನ್ಯಾಯವಲ್ಲ. 1965ರ ಸಾರ್ವಜನಿಕ ಗ್ರಂಥಾಲಯ ಕಾಯಿದೆಯಡಿ ಆಸ್ತಿ ತೆರಿಗೆಯ ಜೊತೆ ಶೇ 6ರಷ್ಟು ಗ್ರಂಥಾಲಯ ಕರವನ್ನು ಮನೆ ಇರುವ ಪ್ರತಿಯೊಬ್ಬರೂ ಕಟ್ಟುತ್ತಾರೆ. ಆ ಹಣದ ಒಂದು ಪಾಲಿನಲ್ಲಿ ಬಡಾವಣೆಗೊಂದು ಕೋಣೆ, ನಾಲ್ಕು ಕಪಾಟು, ಪಟ್ಟಿ ಬರೆಯಬಲ್ಲ ಒಬ್ಬ ಗ್ರಂಥಪಾಲಕ ಇದ್ದರೆ ಎಷ್ಟೋ ಸಂಗ್ರಹಗಳು ತಕ್ಕಡಿ ಏರುವುದು ತಪ್ಪುತ್ತದೆ.

ಅಲ್ಲಿಯವರೆಗೆ ಸಂಗ್ರಹಕಾರರು ಮಾಡಬಹುದಾದದ್ದು ಮೂರು. ಒಂದು ನೋಟ್‌ಬುಕ್ಕಿನಲ್ಲಿ ಇರುವ ಪುಸ್ತಕಗಳ ಪಟ್ಟಿ ಬರೆಯುವುದು. ಅಪರೂಪದವು ಯಾವುವು ಎಂದು ಮನೆಯವರಿಗೆ ಗೊತ್ತಾಗುವಂತೆ ಗುರುತು ಹಾಕುವುದು. ತಮ್ಮ ನಂತರ ಅವು ಯಾವ ಶಾಲೆಗೆ, ಯಾವ ಗ್ರಂಥಾಲಯಕ್ಕೆ, ಯಾವ ಗೆಳೆಯನಿಗೆ ಎಂದು ಬದುಕಿರುವಾಗಲೇ ಕೇಳಿ, ಒಪ್ಪಿಸಿ, ಬರೆದಿಡುವುದು.

ಹರಳಹಳ್ಳಿ ನೋಡಬೇಕೆನ್ನುವವರು ಕೆಂಗೇರಿಯಿಂದ ಮೈಸೂರು ಕಡೆಯ ರೈಲು ಹಿಡಿದು ಪಾಂಡವಪುರ ನಿಲ್ದಾಣದಲ್ಲಿ ಇಳಿಯಬಹುದು. ಎಕ್ಸ್‌ಪ್ರೆಸ್‌ಗಳೆಲ್ಲ ಅಲ್ಲಿ ನಿಲ್ಲುವುದಿಲ್ಲ, ವಿಚಾರಿಸಿಕೊಂಡು ಹತ್ತುವುದು ಒಳ್ಳೆಯದು. ಬರಿಗೈಯಲ್ಲಿ ಹೋಗಬೇಕಾಗಿಲ್ಲ. ಮನೆಯಲ್ಲಿ ಎರಡು ಪ್ರತಿ ಇರುವ ಪುಸ್ತಕ ಒಂದಾದರೂ ಇದ್ದೇ ಇರುತ್ತದೆ.