ಬಾಗಮೋಯೋದಲ್ಲಿ ಎರಡು ದಿನ



ನಿಮ್ಮ ಹಾಗೆಯೇ ಈ ಕಾಲೇಜಿನ ಬೆಂಚಿನಲ್ಲಿ ಕುಳಿತು ಪಿಯುಸಿ ಓದಿದವಳು ನಾನು. ಈಗ ಪೂರ್ವ ಆಫ್ರಿಕಾದ ತಾಂಜಾನಿಯಾದಲ್ಲಿ, ದಾರ್ ಎಸ್ ಸಲಾಮ್ ನಗರದ ಹೊರವಲಯದ ಒಂದು ಪ್ರೌಢಶಾಲೆಯಲ್ಲಿ ಸ್ವಯಂಸೇವಕ ಶಿಕ್ಷಕಿಯಾಗಿ ಗಣಿತ ಕಲಿಸುತ್ತಿದ್ದೇನೆ. ಊರಿಗೆ ಫೋನ್ ಮಾಡಿದಾಗಲೆಲ್ಲ ಎಲ್ಲರೂ ಸಿಂಹ ನೋಡಿದೆಯಾ, ಆನೆ ನೋಡಿದೆಯಾ ಎಂದೇ ಕೇಳುತ್ತಾರೆ. ಇನ್ನೂ ನೋಡಿಲ್ಲ. ಆದರೆ ಇಲ್ಲಿ ನಾನು ನೋಡಿದ ಒಬ್ಬ ಹುಡುಗಿಯ ಬಗ್ಗೆ ನಿಮಗೆ ಹೇಳಲೇಬೇಕು.

ನನ್ನ ಜೊತೆ ಕೆಲಸ ಮಾಡುವ ಇಬ್ಬರು ಗೆಳತಿಯರಿದ್ದಾರೆ. ಒಬ್ಬಳು ಜೀವಶಾಸ್ತ್ರ ಕಲಿಸುತ್ತಾಳೆ, ಇನ್ನೊಬ್ಬಳು ಭೂಗೋಳ. ಜೀವಶಾಸ್ತ್ರದವಳ ಮನೆ ಬಾಗಮೋಯೋದಲ್ಲಿ. ದಾರ್ ಎಸ್ ಸಲಾಮ್‌ನಿಂದ ಉತ್ತರಕ್ಕೆ ಸುಮಾರು 70 ಕಿಲೋಮೀಟರ್ ದೂರದ, ಹಿಂದೂ ಮಹಾಸಾಗರದ ದಡದ ಹಳೆಯ ಪಟ್ಟಣ ಅದು. ಒಂದು ಶುಕ್ರವಾರ ಶಾಲೆ ಬಿಟ್ಟ ಮೇಲೆ ಮೂವರೂ ಬಸ್ಸು ಹತ್ತಿದೆವು.

ಬಾಗಮೋಯೋದ ಚರಿತ್ರೆ ಓದಿದರೆ ಮನಸ್ಸು ಭಾರವಾಗುತ್ತದೆ. ಒಳನಾಡಿನಿಂದ ಆನೆದಂತವನ್ನೂ ಗುಲಾಮರನ್ನೂ ಕಾಲ್ನಡಿಗೆಯಲ್ಲಿ ತರುತ್ತಿದ್ದ ದಾರಿ ಕೊನೆಯಾಗುತ್ತಿದ್ದುದು ಇಲ್ಲಿ. ಇಲ್ಲಿಂದ ಅವರನ್ನು ಹಾಯಿದೋಣಿಗಳಲ್ಲಿ ಜಾಂಜಿಬಾರ್‌ಗೆ ಸಾಗಿಸುತ್ತಿದ್ದರು. ಅದೇ ಊರಿನಲ್ಲಿ ಕಛ್ ಮೂಲದ ಸೇವಾ ಹಾಜಿ ಪರೂ ಎಂಬ ವರ್ತಕರೂ ಇದ್ದರು. 19ನೇ ಶತಮಾನದ ಕೊನೆಯಲ್ಲಿ ಅವರು ಒಂದು ಶಾಲೆಗೆ ಕಟ್ಟಡ ಕೊಟ್ಟರು, ಅದು ಎಲ್ಲ ಜನಾಂಗದ ಮಕ್ಕಳಿಗೂ ತೆರೆದಿರಬೇಕೆಂದು ಬಯಸಿದರು.

ಗೆಳತಿಯ ಮನೆಯಲ್ಲಿ ಅವಳ ತಾಯಿ, ಚಿಕ್ಕಮ್ಮ, ತಂಗಿ ಇದ್ದರು. ಇಲ್ಲಿ ಹಿರಿಯರನ್ನು ಕಂಡರೆ ಕಿರಿಯರು ‘ಶಿಕಮೂ’ ಎನ್ನಬೇಕು. ಅವರು ‘ಮರಹಬಾ’ ಎಂದು ಉತ್ತರಿಸುತ್ತಾರೆ. ಅಡುಗೆಮನೆಗೆ ಹೋದರೆ ನಮ್ಮ ಊರಿನ ಹೆರೆಮಣೆಯಂಥದ್ದೇ ಒಂದರ ಮೇಲೆ ಕುಳಿತು ತಂಗಿ ತೆಂಗಿನಕಾಯಿ ತುರಿಯುತ್ತಿದ್ದಳು. ಅದಕ್ಕೆ ಅವರು ‘ಂಬುಝಿ’, ಅಂದರೆ ಆಡು ಎನ್ನುತ್ತಾರಂತೆ! ರಾತ್ರಿ ಊಟಕ್ಕೆ ತೆಂಗಿನ ಹಾಲಿನ ಅನ್ನ, ಮೀನು. ಸ್ವಾಹಿಲಿಯಲ್ಲಿ ಅರಬ್ಬೀ ಮೂಲದ ಶಬ್ದಗಳು ಬಹಳ. ಪುಸ್ತಕ ‘ಕಿತಾಬು’, ಪೆನ್ನು ‘ಕಲಾಮು’, ಜಗತ್ತು ‘ದುನಿಯಾ’. ಶಿಕ್ಷಕರು ‘ಮ್ವಾಲಿಮು’, ನಮ್ಮ ಮದ್ರಸದ ಮುಅಲ್ಲಿಮರ ಸಂಬಂಧಿಕರೇ. ಹೀಗಾಗಿ ಪರದೇಶ ಎನ್ನಿಸಲೇ ಇಲ್ಲ.

ತಂಗಿ ಫಾರ್ಮ್ ಟೂ ಓದುತ್ತಿದ್ದಾಳೆ. ಊಟದ ನಂತರ ಅವಳ ಗಣಿತದ ಪುಸ್ತಕ ತೆರೆದು ನೋಡಿದೆ. ಮುತ್ತಿನಂಥ ಅಕ್ಷರ, ಒಂದು ಚಿತ್ತೂ ಇಲ್ಲ. ಆದರೆ ಎಲ್ಲವೂ ಬೋರ್ಡಿನಿಂದ ಇಳಿಸಿಕೊಂಡದ್ದು. ಲಾಭ ನಷ್ಟದ ಆರು ಲೆಕ್ಕಗಳ ಕೆಳಗೆ ಜಾಗ ಖಾಲಿ. ಕೇಳಿದರೆ ತಲೆ ತಗ್ಗಿಸಿ, “ಮ್ವಾಲಿಮು, ನನಗೆ ಲೆಕ್ಕ ಬರುವುದಿಲ್ಲ” ಎಂದಳು. ಅವಳ ಚಿಕ್ಕಮ್ಮ ಒಳಗಿನಿಂದಲೇ, “ನವೆಂಬರಿನ ಪರೀಕ್ಷೆಯಲ್ಲಿ ಪಾಸಾಗದಿದ್ದರೆ ಮತ್ತೆ ಅದೇ ಕ್ಲಾಸು. ಅದಕ್ಕಿಂತ ನನ್ನ ಜೊತೆ ಮೀನು ಹುರಿಯಲು ಬರಲಿ” ಎಂದರು. ಅದರಲ್ಲಿ ತಮಾಷೆ ಇರಲಿಲ್ಲ.

ಇಲ್ಲಿನ ಪದ್ಧತಿ ನಿಮಗೆ ತಿಳಿದಿರಲಿ. 1967ರಿಂದ ಇಲ್ಲಿನ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಸ್ವಾಹಿಲಿಯೇ ಮಾಧ್ಯಮ. ಪ್ರಾಥಮಿಕ ಹಂತ ಮುಗಿಯುವವರೆಗೂ ಮಕ್ಕಳು ಅದರಲ್ಲೇ ಕಲಿಯುತ್ತಾರೆ. ಫಾರ್ಮ್ ಒನ್‌ಗೆ ಕಾಲಿಟ್ಟ ಕೂಡಲೇ ಪಾಠ, ಪುಸ್ತಕ, ಪರೀಕ್ಷೆ ಎಲ್ಲವೂ ಇಂಗ್ಲಿಷ್. ಫಾರ್ಮ್ ಟೂ ಕೊನೆಗೆ ರಾಷ್ಟ್ರಮಟ್ಟದ ಪರೀಕ್ಷೆ.

ಮರುದಿನ “ಬೆಳಿಗ್ಗೆ ಎರಡು ಗಂಟೆಗೆ ಮೀನಿನ ಹರಾಜಿಗೆ ಹೋಗೋಣ” ಎಂದಳು ಗೆಳತಿ. ಗಾಬರಿಯಾಗಬೇಡಿ. ಸ್ವಾಹಿಲಿಯಲ್ಲಿ ಗಂಟೆಯ ಎಣಿಕೆ ಸೂರ್ಯೋದಯದಿಂದ ಶುರು. ನಮ್ಮ ಏಳು ಗಂಟೆ ಅವರಿಗೆ ಒಂದು, ನಮ್ಮ ಎಂಟು ಅವರಿಗೆ ಎರಡು.

ಸಮುದ್ರ ತೀರದಲ್ಲಿ ದೋಣಿಗಳು ಬಂದಿದ್ದವು. ಮರಳಿನ ಮೇಲೆ ಮೀನು ಸುರಿದು ಹರಾಜು ಕೂಗುತ್ತಿದ್ದರು. ಚಿಕ್ಕಮ್ಮ ಒಂದು ಬಕೆಟ್ ಮೀನನ್ನು 20,000 ಶಿಲಿಂಗಿಗೆ ಹಿಡಿದರು. ಇದ್ದಿಲು, ಎಣ್ಣೆಗೆ 5,000. ಹುರಿದು ಮಾರಿದಾಗ ಮಧ್ಯಾಹ್ನದ ಹೊತ್ತಿಗೆ ಕೈಗೆ ಬಂದದ್ದು 32,000. ಹಣ ಎಣಿಸಿ ಮುಗಿಯುವ ಮೊದಲೇ ತಂಗಿ ಬಾಣಲೆ ತೊಳೆಯುತ್ತಾ, “ಫಾಯ್ದಾ ಏಳು ಸಾವಿರ” ಎಂದಳು.

ಫಾಯ್ದಾ! ನಮ್ಮ ಅಂಗಡಿಬೀದಿಯ ಮಾತು. ನಷ್ಟಕ್ಕೆ ಅವರು ‘ಹಸಾರಾ’ ಎನ್ನುತ್ತಾರೆ. ಉರ್ದು ಬಲ್ಲವರಿಗೆ ಅದೂ ಗೊತ್ತು. ನಾನು ಸ್ವಾಹಿಲಿಯಲ್ಲೇ ಕೇಳಿದೆ: “ಹಾಕಿದ ಪ್ರತಿ ನೂರು ಶಿಲಿಂಗಿಗೆ ಫಾಯ್ದಾ ಎಷ್ಟು?”

ಅವಳು ಸಮುದ್ರದ ಕಡೆ ನೋಡಿ ಒಂದು ಕ್ಷಣ ಯೋಚಿಸಿದಳು. “25ರ ನಾಲ್ಕು ಪಟ್ಟು ನೂರು. ಏಳರ ನಾಲ್ಕು ಪಟ್ಟು 28. ನೂರಕ್ಕೆ 28.”

“ನಿನ್ನ ಪುಸ್ತಕದಲ್ಲಿ ಖಾಲಿ ಬಿಟ್ಟಿದ್ದು ಇದೇ ಲೆಕ್ಕ” ಎಂದೆ. ಅವಳು ನಂಬಲಿಲ್ಲ. ಮನೆಗೆ ಬಂದು ಪುಸ್ತಕ ತೆಗೆದು ಬೆರಳಿಟ್ಟು ತೋರಿಸಿದೆ. ಅವಳು ತುಂಬ ಹೊತ್ತು ಆ ಸಾಲನ್ನೇ ನೋಡಿದಳು. ಆಮೇಲೆ ಅಕ್ಕನ ಕಡೆ ತಿರುಗಿ, “ಇಷ್ಟೇನಾ?” ಎಂದಳು.

ಭಾನುವಾರ ಭೂಗೋಳದವಳು ಬೆಳಿಗ್ಗೆ ಚರ್ಚಿಗೆ ಹೋಗಿ ಬಂದ ಮೇಲೆ ಎಲ್ಲರೂ ಚಾಪೆ ಹಾಸಿ ಕುಳಿತೆವು. ತಂಗಿಯೇ ಹಾಳೆಯಲ್ಲಿ ಗೆರೆ ಎಳೆದಳು. ಒಂದು ಬದಿಗೆ ತನಗೆ ಗೊತ್ತಿರುವ ಶಬ್ದ, ಇನ್ನೊಂದು ಬದಿಗೆ ಪರೀಕ್ಷೆಯಲ್ಲಿ ಬರುವ ಶಬ್ದ. ಫಾಯ್ದಾ ಎಂದರೆ ಪ್ರಾಫಿಟ್, ಹಸಾರಾ ಎಂದರೆ ಲಾಸ್. ಎರಡು ಹಾಳೆ ತುಂಬಿತು. ಸಂಜೆಯೊಳಗೆ ಆರು ಲೆಕ್ಕಗಳಲ್ಲಿ ನಾಲ್ಕನ್ನು ತಾನೇ ಮಾಡಿದಳು. ಎರಡು ಉಳಿದವು.

ಗೆಳತಿಯರಿಬ್ಬರಿಗೂ ಆಗ ದೊಡ್ಡ ವಾದವೇ ನಡೆಯಿತು. “ಪ್ರೌಢಶಾಲೆಯಲ್ಲೂ ಸ್ವಾಹಿಲಿ ಬರಬೇಕು. ಅರ್ಥವಾಗದ ಪಾಠ ಪಾಠವೇ ಅಲ್ಲ” ಎಂದಳು ಜೀವಶಾಸ್ತ್ರದವಳು. “ಬಡವರ ಮಕ್ಕಳಿಗೆ ಇಂಗ್ಲಿಷ್ ಸಿಗುವುದು ಶಾಲೆಯಲ್ಲಿ ಮಾತ್ರ. ಅದನ್ನೂ ಕಿತ್ತುಕೊಂಡರೆ ಕೆಲಸ ಎಲ್ಲಿ ಸಿಗುತ್ತದೆ?” ಎಂದಳು ಇನ್ನೊಬ್ಬಳು. ಇಬ್ಬರ ಮಾತಿನಲ್ಲೂ ಸತ್ಯವಿದೆ. ಈ ವಾದ ಸರ್ಕಾರಗಳ ಮಟ್ಟದಲ್ಲಿ ಯಾವಾಗ ತೀರುತ್ತದೋ. ಅಷ್ಟರವರೆಗೆ ನವೆಂಬರ್ ಕಾಯುವುದಿಲ್ಲ. ಸೇವಾ ಹಾಜಿಯವರಂಥವರು ತೆರೆದ ಬಾಗಿಲಿನ ಒಳಗೆ ಭಾಷೆಯ ಇನ್ನೊಂದು ಹೊಸ್ತಿಲಿದೆ, ಅದನ್ನು ದಾಟಲು ಮಗುವಿಗೆ ಯಾರಾದರೂ ಕೈ ಹಿಡಿಯಬೇಕು.

ಆ ಹುಡುಗಿಯ ಮೌನ ನನಗೆ ಹೊಸದಲ್ಲ. ಕನ್ನಡ ಮಾಧ್ಯಮದಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ಪ್ರಥಮ ಪಿಯುಸಿ ವಿಜ್ಞಾನಕ್ಕೆ ಬಂದಾಗ ನಾನೂ ಹಿಂದಿನ ಬೆಂಚಿನಲ್ಲಿ ಹಾಗೇ ಕುಳಿತಿದ್ದೆ. ದ್ವಿತೀಯ ಪಿಯುಸಿಯ ಅಕ್ಕ ಒಬ್ಬರು ಊಟದ ಬಿಡುವಿನಲ್ಲಿ ಪಕ್ಕ ಕುಳಿತು, “ಆಕ್ಸಲರೇಶನ್ ಅಂದರೆ ನೀನು ಹೈಸ್ಕೂಲಿನಲ್ಲಿ ಓದಿದ ವೇಗೋತ್ಕರ್ಷವೇ ಮಾರಾಯ್ತಿ, ಹೆದರುವುದೆಂಥದು?” ಎಂದಿದ್ದರು. ನಾನಿಂದು ಗಣಿತ ಕಲಿಸುತ್ತಿದ್ದರೆ ಅದರಲ್ಲಿ ಅವರ ಪಾಲೂ ಇದೆ.

ಬಾಗಮೋಯೋದ ಹುಡುಗಿ ಪಾಸಾಗುತ್ತಾಳೋ ಇಲ್ಲವೋ, ಈಗಲೇ ಹೇಳಲಾರೆ. ಪ್ರತಿ ವಾರ ಅಕ್ಕನ ಫೋನಿನಿಂದ ಹೊಸ ಶಬ್ದಗಳ ಪಟ್ಟಿ ಕಳಿಸುತ್ತಿದ್ದಾಳೆ. ಅವಳಿಗಾಗಿ ದುಆ ಮಾಡಿ.

ನಿಮ್ಮ ತರಗತಿಯಲ್ಲೂ ಕನ್ನಡ ಮಾಧ್ಯಮದಿಂದಲೋ ಉರ್ದು ಮಾಧ್ಯಮದಿಂದಲೋ ಬಂದು ಮಾತೇ ಆಡದೆ ಕುಳಿತವರು ಇದ್ದೇ ಇರುತ್ತಾರೆ. ಅವರಿಗೆ ಲೆಕ್ಕ ಬರುವುದಿಲ್ಲ ಎಂದು ತೀರ್ಮಾನಿಸುವ ಮೊದಲು ಅವರ ಮನೆಮಾತಿನಲ್ಲಿ ಒಮ್ಮೆ ಕೇಳಿ ನೋಡಿ. ದ್ವಿತೀಯ ಪಿಯುಸಿಯವರೇ, ಊಟದ ಬಿಡುವಿನಲ್ಲಿ ಹತ್ತು ನಿಮಿಷ ಸಾಕು. ನಾಳೆಯೇ ಶುರು ಮಾಡಿ.