ಪೆಟ್ಟಿಗೆಯೊಳಗೆ ಉಳಿದ ಬೀಗದ ಕೈ

ಲಿನಕ್ಸ್ ದೊಡ್ಡ ಕಂಪ್ಯೂಟರುಗಳ ಮಾತು ಎನ್ನುವವರಿಗೆ ಮನೆಯ ಮೂಲೆಯಲ್ಲಿ ಮಿಣುಕುವ ರೌಟರ್ ಕಾಣಿಸುವುದೇ ಇಲ್ಲ. 2002ರ ಲಿಂಕ್‌ಸಿಸ್ ಡಬ್ಲ್ಯುಆರ್‌ಟಿ54ಜಿ ರೌಟರಿನೊಳಗೂ ಲಿನಕ್ಸೇ ಇತ್ತು. ಅದರ ಫ್ಲಾಶ್ ಮೆಮೊರಿ ಬರೀ 4 ಮೆಗಾಬೈಟ್; ಒಂದು ಸಿನಿಮಾ ಹಾಡು ಹಿಡಿಸುವಷ್ಟು!

ಇಂಥ ಇಕ್ಕಟ್ಟಿನಲ್ಲಿ ಎಲ್ಲ ಡ್ರೈವರುಗಳನ್ನೂ ತುಂಬಲಾಗದು. ಕರ್ನಲ್ ಎಂಬ ತಿರುಳನ್ನು ಕಟ್ಟುವಾಗ ಡ್ರೈವರಿನ ಮುಂದೆ 'ವೈ' ಎಂದರೆ ಅದು ತಿರುಳಿನಲ್ಲೇ ಬೆರೆಯುತ್ತದೆ. 'ಎಂ' ಎಂದರೆ ಮಾಡ್ಯೂಲ್ ಎಂಬ ಬೇರೆ ಕಡತವಾಗಿ ಕುಳಿತು, ಕರೆದಾಗ ಬರುತ್ತದೆ, ಬೇಡವಾದರೆ ಬಿಟ್ಟೇಬಿಡಬಹುದು.

ಕಾಲೇಜಿನ ಪ್ರಾಜೆಕ್ಟಿಗೆ ಪುಟ್ಟ ಬೋರ್ಡು ಹಿಡಿದ ವಿದ್ಯಾರ್ಥಿಗೆ ಎಲ್ಲಕ್ಕೂ 'ಎಂ' ಬರೆಯುವ ಆಸೆ ಸಹಜ. ಪಜೀತಿ ಆಗಲೇ. ಮೆಮೊರಿ ಕಾರ್ಡನ್ನು ಓದುವ ಡ್ರೈವರೇ ಆ ಕಾರ್ಡಿನೊಳಗೆ ಮಾಡ್ಯೂಲಾಗಿ ಕುಳಿತರೆ, ಬೀಗದ ಕೈಯನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಜಡಿದಂತೆ. ಕರ್ನಲ್ ಏಳುತ್ತದೆ, ಕಾರ್ಡು ಕಾಣದೆ ಅಲ್ಲೇ ನಿಲ್ಲುತ್ತದೆ. ತಿಂಗಳುಗಟ್ಟಲೆ ದುಡಿದ ಪ್ರಾಜೆಕ್ಟು ಪರೀಕ್ಷಕರೆದುರು ಉಸಿರೆತ್ತುವುದಿಲ್ಲ. ಆ ಡ್ರೈವರಿಗೆ 'ವೈ'ಯೇ ಬೇಕು. ಇಲ್ಲವೆ ಕರ್ನಲ್ ಜೊತೆಗೇ ಮೆಮೊರಿಗೆ ಏರುವ ಇನಿಟ್‌ರಾಮ್‌ಎಫ್‌ಎಸ್ ಎಂಬ ಬುತ್ತಿಯಲ್ಲಿ ಅದಿರಬೇಕು.

ಕರ್ನಲ್ ಬದಲಿಸಿ ಹಳೆಯ ಮಾಡ್ಯೂಲುಗಳನ್ನೇ ಉಳಿಸಿದರೂ ತಕರಾರು. ತಾನು ಯಾವ ಕರ್ನಲ್ಲಿಗೆ ಸೇರಿದ್ದೆಂಬ ಗುರುತು ಪ್ರತಿ ಮಾಡ್ಯೂಲಿನಲ್ಲೂ ಇರುತ್ತದೆ. ಅದು ತಾಳೆಯಾಗದಿದ್ದರೆ ಕರ್ನಲ್ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಎರಡನ್ನೂ ಒಟ್ಟಿಗೇ ಕಟ್ಟಬೇಕಾಗುತ್ತದೆ.