ಅಮ್ಮಿ ಬಿಟ್ಟ ಗುಳಿಗೆ

ನಮ್ಮ ಮನೆಯಲ್ಲಿ ಬೀಪಿ ಎಂದರೆ ಸಿಟ್ಟು. ಅಬ್ಬಾ ಊಟದ ತಟ್ಟೆ ಕುಕ್ಕಿದರೆ 'ಇವರ ಬೀಪಿ ಏರಿತು ನೋಡು' ಎನ್ನುತ್ತಿದ್ದರು ಅಮ್ಮಿ. ಅಬ್ಬಾರ ಬೀಪಿಯನ್ನು ಯಾರೂ ಯಾವತ್ತೂ ಅಳೆದಿರಲಿಲ್ಲ. ಅಳೆದದ್ದು ಎಂದೂ ದನಿ ಏರಿಸದ ಅಮ್ಮಿಯದನ್ನು. ಅದು 170/100 ಇತ್ತು. ಯಂತ್ರ ಕೆಟ್ಟಿರಬೇಕು ಎಂದು ನಾವೆಲ್ಲ ನಕ್ಕೆವು.

ಕನ್ನಡದ 'ರಕ್ತದೊತ್ತಡ' ಎಂಬ ಪದವೂ ಸ್ವಲ್ಪ ದಾರಿ ತಪ್ಪಿಸುತ್ತದೆ. ಒತ್ತಡ ಎಂದೊಡನೆ ಸಾಲ, ಕಚೇರಿ, ಮಗಳ ಮದುವೆ ನೆನಪಾಗುತ್ತವೆ. ಪುಸ್ತಕದ ಉರ್ದುವಿನಲ್ಲಿ ಅದು 'ಫಿಶಾರೆ ಖೂನ್'. ಫಿಶಾರ್ ಎಂದರೆ ಅದುಮುವುದು. ಹರಿಯುವ ರಕ್ತ ನಾಳದ ಗೋಡೆಯನ್ನು ಅದುಮುವ ಬಲ, ಅಷ್ಟೆ. ಹೃದಯ ಹಿಂಡಿದಾಗಿನದು ಮೇಲಿನ ಅಂಕಿ, ಸಡಿಲಗೊಂಡಾಗಿನದು ಕೆಳಗಿನದು. ಹೆಚ್ಚಿನವರಲ್ಲಿ ಇದಕ್ಕೆ ಇದೇ ಕಾರಣ ಎಂದು ಬೆರಳು ಮಾಡಿ ತೋರಿಸಲಾಗದು. ವಯಸ್ಸು, ವಂಶ, ತೂಕ, ಉಪ್ಪು ಎಲ್ಲ ಸೇರಿರುತ್ತವೆ. ಸಾಮಾನ್ಯವಾಗಿ ತಲೆ ಸುತ್ತುವುದಿಲ್ಲ, ನೋವೂ ಇಲ್ಲ. ನೋವೇ ಇಲ್ಲದ ಕಾಯಿಲೆಗೆ ದಿನಾ ಗುಳಿಗೆ ನುಂಗಬೇಕೆಂದರೆ ಅಮ್ಮಿ ನಂಬುವುದಾದರೂ ಹೇಗೆ?

ಆದರೂ ಎರಡು ವರ್ಷ ನುಂಗಿದರು. 2019ರ ರಂಜಾನ್ ಮೇ ತಿಂಗಳ ಬಿಸಿಲಿನಲ್ಲಿ ಬಂತು. ಬೆಳಿಗ್ಗೆ ತಿಂಡಿಯ ನಂತರದ ಗುಳಿಗೆಗೆ ತಿಂಡಿಯೇ ಇಲ್ಲವಾಯಿತು. 'ಈದ್ ಆದ ಮೇಲೆ ನೋಡೋಣ, ಈಗ ಚೆನ್ನಾಗಿಯೇ ಇದ್ದೇನಲ್ಲ' ಎಂದರು. ಎರಡು ಭಾಷೆಗಳಲ್ಲಿ ಓದಿದ ನಾನು, 'ಹೌದಮ್ಮಿ, ಅಭ್ಯಾಸವಾಗಿಬಿಟ್ಟರೆ ಬಿಡೋದು ಕಷ್ಟ' ಎಂದೆ. ಕನ್ನಡಕ ಹಾಕಿಕೊಂಡವರನ್ನು ಯಾರೂ ಕನ್ನಡಕದ ಚಟಕ್ಕೆ ಬಿದ್ದವರು ಎನ್ನುವುದಿಲ್ಲ. ಇದು ನನಗೆ ಹೊಳೆದದ್ದು ತಡವಾಗಿ. ಈದ್ ಆಯಿತು, ಶೀರ್ ಖುರ್ಮಾ ಮುಗಿಯಿತು, ಗುಳಿಗೆಯ ಡಬ್ಬಿ ಕಪಾಟಿನಲ್ಲೇ ಉಳಿಯಿತು.

ಮೂರು ತಿಂಗಳ ನಂತರ ಒಂದು ಫಜ್ರ್ ಹೊತ್ತು. ವುಝೂಗೆಂದು ಎತ್ತಿದ ತಂಬಿಗೆ ಅಮ್ಮಿಯ ಬಲಗೈಯಿಂದ ಜಾರಿತು. ಮಾತು ತೊದಲಿತು, ಬಾಯಿ ಒಂದು ಕಡೆ ಎಳೆಯಿತು. ಲಕ್ವ ಎಂದು ಗೊತ್ತಾದ ಕೂಡಲೇ ಪಕ್ಕದ ಮನೆಯವರು ಪಾರಿವಾಳದ ರಕ್ತ ಹಚ್ಚಬೇಕೆಂದರು. ಪಾರಿವಾಳ ತರಲು ಒಬ್ಬ ಓಡಿದ. ನಾನು ತಡೆಯಲಿಲ್ಲ. ಲಕ್ವದಲ್ಲಿ ಹೆಪ್ಪು ಕರಗಿಸುವ ಔಷಧಿ ಕೊಡುವುದಿದ್ದರೆ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ನಾವು ಆಸ್ಪತ್ರೆ ಮುಟ್ಟಿದಾಗ ಮಧ್ಯಾಹ್ನ. ಡಾಕ್ಟರು ಗುಳಿಗೆಯ ಬಗ್ಗೆ ಕೇಳಿದರು. ನಾನು ರಂಜಾನ್ ಎಂದೆ. ದಿನಕ್ಕೊಂದೇ ಗುಳಿಗೆಯಲ್ಲವೇ, ಇಫ್ತಾರಿಗೋ ಸಹರಿಗೋ ಬದಲಾಯಿಸಿ ಕೊಡುತ್ತಿದ್ದೆನಲ್ಲ, ಒಂದು ಮಾತು ಕೇಳಬಾರದಿತ್ತೇ ಎಂದರು. ಅವರು ಗದರಿದ್ದರೆ ಚೆನ್ನಾಗಿತ್ತು.

ಅಮ್ಮಿ ಉಳಿದರು. ಮಾತು ಅರ್ಧದಷ್ಟು ಬಂತು, ಬಲಗೈ ಬರಲಿಲ್ಲ. ಕುರ್ಚಿಯ ಮೇಲೆ ಕೂತು ನಮಾಜ್ ಮಾಡುವುದಕ್ಕೆ ಅವರು ಬೇಗ ಒಗ್ಗಿದರು. ಎಡಗೈಯಲ್ಲಿ ಉಣ್ಣುವುದಕ್ಕೆ ಇನ್ನೂ ಒಗ್ಗಿಲ್ಲ. ಮನೆಗೆ ಯಾರಾದರೂ ಬಂದರೆ ಹಸಿವಿಲ್ಲ ಎಂದುಬಿಡುತ್ತಾರೆ.

ಕಳೆದ ವರ್ಷ ನನ್ನ ಸರದಿ. ಹೆಂಡತಿಯನ್ನು ತೋರಿಸಲು ಹೋಗಿದ್ದೆ. ಅವಳಿಗೆ ಬುರ್ಖಾದ ತೋಳಿನ ಮೇಲೆಯೇ ಪಟ್ಟಿ ಸುತ್ತಿದರು. ಅವಳೇ ಬೇಡವೆಂದು ತೋಳು ಮೇಲೆ ಸರಿಸಿಕೊಂಡಳು. ಅಮ್ಮಿಯಿಂದ ಕಲಿತ ಪಾಠ: ಬರಿಯ ತೋಳಿಗೆ ಪಟ್ಟಿ, ಐದು ನಿಮಿಷ ಬೆನ್ನಿಗೆ ಆಸರೆ ಕೊಟ್ಟು ಕೂತಿರಬೇಕು, ತೋಳು ಎದೆಯ ಮಟ್ಟಕ್ಕೆ, ಅಳೆಯುವಾಗ ಮಾತು ಬೇಡ, ಅದಕ್ಕೂ ಅರ್ಧ ಗಂಟೆ ಮೊದಲು ಚಹಾ ಬೀಡಿ ಬೇಡ. ಅವಳದು ಸರಿಯಿತ್ತು. ನನ್ನದು 152/94. ಒಂದೇ ಸಲ ನೋಡಿ ಹೇಳಲಾಗದು ಎಂದು ವಾರದ ನಂತರ ಮತ್ತೆ ಕರೆದರು. ಆಗಲೂ 148/96. 140/90 ದಾಟಿದ್ದು ಖಚಿತವಾಯಿತು. ಮೂತ್ರ, ಕ್ರಿಯಾಟಿನಿನ್, ಸಕ್ಕರೆ, ಇಸಿಜಿ ಎಲ್ಲ ಆದವು. ಹೆಚ್ಚಿದ ಒತ್ತಡ ಮೂತ್ರಪಿಂಡವನ್ನೂ ಹೃದಯವನ್ನೂ ಸದ್ದಿಲ್ಲದೆ ಹಾಳು ಮಾಡುತ್ತದಂತೆ.

ಆಮ್ಲೋಡಿಪಿನ್ 5 ಮಿಲಿಗ್ರಾಂ ಬರೆದರು. ಉಪ್ಪು ದಿನಕ್ಕೆ 5 ಗ್ರಾಂ ಒಳಗೆ, ಅಂದರೆ ಹಪ್ಪಳ, ಉಪ್ಪಿನಕಾಯಿ, ಬೇಕರಿಯ ಖಾರಾ ಬಿಸ್ಕತ್ತಿನದೂ ಸೇರಿ ಒಂದು ಚಹಾ ಚಮಚೆ. ಬಿರಿಯಾನಿಯ ಮುಂದೆ ಕೂತಾಗ ಈ ಲೆಕ್ಕ ನನಗೆ ತಪ್ಪುತ್ತದೆ, ಸುಳ್ಳು ಹೇಳಲಾರೆ. ಎರಡು ತಿಂಗಳಿಗೆ ಪಾದ ಊದಿದಾಗ ಗುಳಿಗೆ ಬಿಡುವ ಮನಸ್ಸಾಯಿತು. ಬಿಡದೆ ಡಾಕ್ಟರ ಬಳಿ ಹೋದೆ. ಅದು ಆ ಗುಳಿಗೆಯ ಅಡ್ಡ ಪರಿಣಾಮವೆಂದು ಬೇರೆ ಔಷಧಿ ಕೊಟ್ಟರು.

ರಾತ್ರಿ ಊಟವಾದ ಮೇಲೆ ಅಮ್ಮಿ ತೊದಲುತ್ತಾ ಕೇಳುತ್ತಾರೆ: 'ಗೋಲಿ ಖಾಯಾ ರೇ?' ಖಾಯಾ ಅಮ್ಮಿ ಎಂದರೆ ಸಾಲದು. ಗುಳಿಗೆಯ ಪಟ್ಟಿಯನ್ನು ತರಿಸಿಕೊಂಡು, ತೊಡೆಯ ಮೇಲಿಟ್ಟು, ಎಡಗೈ ಬೆರಳಿನಿಂದ ಖಾಲಿ ಗುಳಿಗಳನ್ನು ಒಂದೊಂದಾಗಿ ಮುಟ್ಟಿ ಎಣಿಸುತ್ತಾರೆ.